ಉಂಗುರವಿದ್ದರೆ ಬರಹ

ಹತ್ತೂವರೆ ಅಂಗುಲ ಅಡ್ಡಳತೆಯ ಸುರುಳಿ, ಅದಕ್ಕೆ ಸುತ್ತಿದ ಅರ್ಧ ಅಂಗುಲ ಅಗಲದ, 2,400 ಅಡಿ ಉದ್ದದ ಕಾಂತಪಟ್ಟಿ. ಸುರುಳಿಯ ಬೆನ್ನಿಗೆ, ನಡುವಿನ ತೂತಿನ ಸುತ್ತ, ಒಂದು ತೋಡು. ಆ ತೋಡಿನಲ್ಲಿ ಬಳೆಯ ಹಾಗೆ ಕೂರುವ ಪ್ಲಾಸ್ಟಿಕ್ ಉಂಗುರ. 1960ರ ದಶಕದ ಅಮೆರಿಕದಲ್ಲಿ ಬ್ಯಾಂಕು, ವಿಮಾ ಕಂಪನಿ, ಸರ್ಕಾರಿ ಇಲಾಖೆ, ಎಲ್ಲೆಲ್ಲಿ ದೊಡ್ಡ ಕಂಪ್ಯೂಟರ್ ಇತ್ತೋ ಅಲ್ಲೆಲ್ಲ ಪಕ್ಕದ ಕೋಣೆಯಲ್ಲಿ ಇಂಥ ಸುರುಳಿಗಳು ರಾಶಿ ರಾಶಿ ಇರುತ್ತಿದ್ದವು. ಉಂಗುರ ಕೂಡಿಸಿದ ಸುರುಳಿಯ ಮೇಲೆ ಮಾತ್ರ ಯಂತ್ರ ಬರೆಯುತ್ತಿತ್ತು. ಉಂಗುರ ತೆಗೆದಿದ್ದರೆ ಓದುತ್ತಿತ್ತು ಅಷ್ಟೆ. ಪ್ರೋಗ್ರಾಮು ಏನೇ ಆಜ್ಞೆ ಕೊಟ್ಟರೂ ಒಂದಕ್ಷರವನ್ನೂ ಅಳಿಸುತ್ತಿರಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಮರೆತರೆ ಏನಾಗುತ್ತದೆ ಎಂಬುದು. ಉಂಗುರ ಹಾಕಲು ಮರೆತರೆ ಕೆಲಸ ನಿಲ್ಲುತ್ತದೆ, ಯಾರೋ ಗೊಣಗುತ್ತಾರೆ, ಐದು ನಿಮಿಷ ಹಾಳಾಗುತ್ತದೆ. ಮಾಹಿತಿ ಮಾತ್ರ ಉಳಿಯುತ್ತದೆ. ಮನುಷ್ಯ ಮರೆಯುವವನೇ ಎಂದು ಒಪ್ಪಿಕೊಂಡು, ಆ ಮರೆವಿನಿಂದ ಕೇಡಾಗದಂತೆ ಮಾಡಿದ ಏರ್ಪಾಡು ಅದು. ಮುಂದಿನ ಅರ್ಧ ಶತಮಾನದಲ್ಲಿ ದೊಡ್ಡ ಸಂಸ್ಥೆಗಳ ಮಾಹಿತಿಯನ್ನು ಕಾಯುವ ಕಸುಬು ತುಂಡು ತುಂಡಾಗಿ ಯಂತ್ರದ ಪಾಲಾಯಿತು. ಆ ಚರಿತ್ರೆಯನ್ನು ಹಿಂಬಾಲಿಸಿದರೆ ನನಗೆ ಕಾಣುವುದು ಇಷ್ಟು: ಹೊರುವ, ಜೋಡಿಸುವ, ಸಾಗಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗಲೆಲ್ಲ ಲಾಭವೇ ಆಗಿದೆ, ಹಾಗೆ ಒಪ್ಪಿಸುವ ಭರದಲ್ಲಿ ಉಂಗುರದ ಏರ್ಪಾಡನ್ನು ಎಲ್ಲಿ ಕಳೆದುಕೊಂಡರೋ ಅಲ್ಲಿ ಪೆಟ್ಟು ಬಿದ್ದಿದೆ.

ಆ ಕೋಣೆಯನ್ನು ಟೇಪ್ ಲೈಬ್ರರಿ ಎನ್ನುತ್ತಿದ್ದರು, ನೋಡಿಕೊಳ್ಳುವವರನ್ನು ಟೇಪ್ ಲೈಬ್ರೇರಿಯನ್. ಹೆಸರು ಪುಸ್ತಕಾಲಯದ್ದಾದರೂ ಕೆಲಸ ಉಗ್ರಾಣದ್ದು. ಪ್ರತಿ ಸುರುಳಿಗೂ ಒಂದು ಸಂಖ್ಯೆ. ಅದರಲ್ಲಿ ಯಾವ ಫೈಲು ಇದೆ, ಯಾವತ್ತು ಬರೆದದ್ದು, ಯಾವತ್ತಿನವರೆಗೆ ಇಡಬೇಕು ಎಂಬುದಕ್ಕೆ ಒಂದು ದಾಖಲೆ. ಅವಧಿ ಮುಗಿದ ಸುರುಳಿ ಖಾಲಿ ಸುರುಳಿಗಳ ಸಾಲಿಗೆ ಹೋಗುತ್ತಿತ್ತು. ಅವರು ಪಾಲಿಸುತ್ತಿದ್ದ ಮುಖ್ಯ ಪದ್ಧತಿಯ ಹೆಸರು ಅಜ್ಜ, ಅಪ್ಪ, ಮಗ. ಸಂಬಳದ ಲೆಕ್ಕವನ್ನೇ ತೆಗೆದುಕೊಳ್ಳಿ. ಹೋದ ವಾರದ ಮೂಲ ಪಟ್ಟಿಯ ಸುರುಳಿಯನ್ನೂ ಈ ವಾರದ ಬದಲಾವಣೆಗಳನ್ನೂ ಯಂತ್ರ ಓದಿ, ಹೊಸ ಪಟ್ಟಿಯನ್ನು ಬೇರೊಂದು ಸುರುಳಿಯ ಮೇಲೆ ಬರೆಯುತ್ತದೆ. ಹೊಸದು ಮಗ, ಹೋದ ವಾರದ್ದು ಅಪ್ಪ, ಅದರ ಹಿಂದಿನದು ಅಜ್ಜ. ಮಗ ಕೆಟ್ಟರೆ ಅಪ್ಪನಿಂದಲೂ ಬದಲಾವಣೆಗಳ ಸುರುಳಿಯಿಂದಲೂ ಮತ್ತೆ ಮಗನನ್ನು ಪಡೆಯಬಹುದು. ಅಪ್ಪನೂ ಕೆಟ್ಟರೆ ಅಜ್ಜನಿದ್ದಾನೆ, ಅದೂ ಸಾಮಾನ್ಯವಾಗಿ ಬೇರೊಂದು ಕಟ್ಟಡದಲ್ಲಿ. ನಾವು ಈಗ ಕಂಪ್ಯೂಟರಿನ ಫೈಲಿಗೂ ಕಡತ ಎನ್ನುತ್ತೇವಲ್ಲ, ಮೂಲ ಕಡತವೆಂದರೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ ಮಡಿಸಿಟ್ಟ ಬಟ್ಟೆ. ಬಳಪದಲ್ಲಿ ಬರೆಯುವುದು, ಬೇಕಾದಾಗ ಒರೆಸಿ ಮತ್ತೆ ಬರೆಯುವುದು. ಕಾಂತಪಟ್ಟಿಯ ಗುಣವೂ ಅದೇ. ಒರೆಸಬಹುದಾದ್ದರ ಮೇಲೆ ಲೆಕ್ಕ ಇಡುವವರಿಗೆ ಯಾವುದನ್ನು ಯಾವಾಗ ಒರೆಸಬೇಕೆಂಬುದೇ ಎಲ್ಲಕ್ಕಿಂತ ಭಾರವಾದ ತೀರ್ಮಾನ. ಟೇಪ್ ಕೋಣೆಯ ಕಸುಬುದಾರರು ಆ ತೀರ್ಮಾನಕ್ಕೆ ಉಂಗುರ, ದಾಖಲೆ, ಮೂರು ತಲೆಮಾರು ಎಂಬ ಮೂರು ಕಾವಲು ಇಟ್ಟಿದ್ದರು.

ಡಿಸ್ಕಿನ ಕತೆ ಬೇರೆ. 1956ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ತಂಡ ರೂಪಿಸಿದ ಐಬಿಎಂ ರಾಮ್ಯಾಕ್ ಯಂತ್ರದಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಸುರುಳಿಯನ್ನು ಮೊದಲಿಂದ ಬಿಚ್ಚುತ್ತಾ ಹೋಗದೆ ಬೇಕಾದ ಅಕ್ಷರದ ಮೇಲೆ ನೇರವಾಗಿ ಕೈಯಿಡಬಹುದಾಗಿತ್ತು. ಆದರೆ ಈ ಹೊಲದಲ್ಲಿ ಯಾರಿಗೆ ಎಷ್ಟು ಜಾಗ ಎಂದು ಹಂಚುವುದು ಯಾರು? 1964ರಲ್ಲಿ ಐಬಿಎಂ ಸಿಸ್ಟಂ/360 ಬಂದಾಗ ಆ ಭಾರ ಪ್ರೋಗ್ರಾಮರನ ತಲೆಗೇ ಬಿತ್ತು. ಫೈಲು ಯಾವ ಡಿಸ್ಕಿನಲ್ಲಿ ಕೂರಬೇಕು, ಎಷ್ಟು ಟ್ರ್ಯಾಕು, ಎಷ್ಟು ಸಿಲಿಂಡರು ಜಾಗ ಬೇಕು ಎಂದು ಆತ ಮೊದಲೇ ಕಾರ್ಡಿನಲ್ಲಿ ಬರೆದುಕೊಡಬೇಕಿತ್ತು. ಅಂದಾಜು ತಪ್ಪಿ, ಡಿಸ್ಕಿನಲ್ಲಿ ಜಾಗ ಮುಗಿದರೆ ನಡುರಾತ್ರಿಯಲ್ಲಿ ಎಸ್‌ಬಿ37 ಎಂಬ ಸಂಕೇತ ಮುದ್ರಿಸಿ ಕೆಲಸ ಅಲ್ಲೇ ಬಿದ್ದುಹೋಗುತ್ತಿತ್ತು. ಒಮ್ಮೆ ಪೆಟ್ಟು ತಿಂದ ಪ್ರೋಗ್ರಾಮರು ಮುಂದಿನ ಸಲ ಬೇಕಾದ್ದಕ್ಕಿಂತ ಎರಡರಷ್ಟು ಜಾಗ ಕೇಳುತ್ತಿದ್ದರು. ಎಲ್ಲರೂ ಹಾಗೇ ಮಾಡಿದಾಗ ದುಬಾರಿ ಡಿಸ್ಕು ಕಾಗದದ ಮೇಲೆ ತುಂಬಿ, ಒಳಗೆ ಅರೆಖಾಲಿ ಉಳಿಯುತ್ತಿತ್ತು. ಬರಗಾಲದ ಭಯಕ್ಕೆ ಮನೆಮನೆಯವರೂ ಕಾಳು ಬಚ್ಚಿಟ್ಟು ಸಂತೆಯಲ್ಲಿ ಕಾಳೇ ಸಿಗದಂತಾಗುವ ಹಾಗೆ. ಇದು ಯಾರೊಬ್ಬರ ದುರಾಸೆಯಿಂದ ಆದದ್ದಲ್ಲ. ಹಂಚಿಕೆಯ ತೀರ್ಮಾನವನ್ನು ನೂರು ಕೈಗಳಿಗೆ ಬಿಟ್ಟು, ಒಟ್ಟು ಲೆಕ್ಕವನ್ನು ಯಾರ ಕೈಗೂ ಕೊಡದಿದ್ದದ್ದರ ಫಲ.

ಹಾಗಾಗಿ ಕೈಕೆಲಸದ ಕಾಲವನ್ನು ಚಿನ್ನದ ಕಾಲವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಇನ್ನೂ ನೋವಿನ ಸಾಕ್ಷಿಯೊಂದಿದೆ. 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಗಳಿಗೆಯನ್ನು ಭೂಮಿಯ ಗ್ರಾಹಕ ಕೇಂದ್ರಗಳು ಟೆಲಿಮೆಟ್ರಿ ಟೇಪುಗಳ ಮೇಲೆ ನೇರವಾಗಿ ಹಿಡಿದಿದ್ದವು. ಟಿವಿಯಲ್ಲಿ ಜಗತ್ತು ನೋಡಿದ್ದಕ್ಕಿಂತ ಆ ಮೂಲ ಚಿತ್ರ ಸ್ಪಷ್ಟವಾಗಿತ್ತು. ದಶಕಗಳ ನಂತರ ಹುಡುಕಿದಾಗ ಆ ಟೇಪುಗಳು ಸಿಗಲಿಲ್ಲ. 2009ರಲ್ಲಿ ನಾಸಾ ತನ್ನ ವರದಿಯಲ್ಲಿ ಬಂದ ನಿರ್ಣಯ ಇದು: ಟೇಪಿನ ಕೊರತೆಯ ದಿನಗಳಲ್ಲಿ ಹಳೆಯ ಟೇಪುಗಳನ್ನು ಒರೆಸಿ ಮತ್ತೆ ಬಳಸುವಾಗ ಅವೂ ಒರೆಸಿಹೋಗಿರಬೇಕು. ಕಳ್ಳತನವಾಗಲಿಲ್ಲ, ಬೆಂಕಿ ಬೀಳಲಿಲ್ಲ. ಇಟ್ಟುಕೊಳ್ಳಬೇಕಾದ ಅವಧಿ ಮುಗಿದ ಟೇಪನ್ನು ಮರುಬಳಕೆಗೆ ಕೊಡುವುದು ಉಗ್ರಾಣದ ನಿತ್ಯದ ಕೆಲಸ. ಆ ಟೇಪು ಸಾವಿರದಲ್ಲೊಂದಲ್ಲ, ಯುಗಕ್ಕೊಂದು ಎಂದು ಹೇಳುವ ಒಂದು ಸಾಲು ದಾಖಲೆಯಲ್ಲಿ ಇರಲಿಲ್ಲ. ಮನುಷ್ಯನೇ ಕೈಯಾರೆ ಮಾಡಿದರೂ, ಬರೆದಿಡದ ತೀರ್ಮಾನ ತೀರ್ಮಾನವೇ ಅಲ್ಲ. ಆದ್ದರಿಂದ ಈ ಚರಿತ್ರೆಯನ್ನು ಮನುಷ್ಯನಿಗೂ ಯಂತ್ರಕ್ಕೂ ನಡೆದ ಜಗಳವೆಂದು ಓದಿದರೆ ದಾರಿ ತಪ್ಪುತ್ತೇವೆ. ಕೇಳಬೇಕಾದ ಪ್ರಶ್ನೆ, ಏನನ್ನು ಉಳಿಸಬೇಕೆಂಬ ವಿವೇಕ ಎಲ್ಲಿ ಕುಳಿತಿದೆ ಎಂಬುದು. ಯಾರದೋ ನೆನಪಿನಲ್ಲೋ, ಎಲ್ಲರೂ ಓದಬಹುದಾದ ನಿಯಮದಲ್ಲೋ, ಮುಟ್ಟಿ ನೋಡಬಹುದಾದ ಒಂದು ಉಂಗುರದಲ್ಲೋ?

ಯಂತ್ರ ಮೊದಲು ಕೈಹಾಕಿದ್ದು ಸಾಗಾಟಕ್ಕೆ. 1974ರಲ್ಲಿ ಐಬಿಎಂ ಪ್ರಕಟಿಸಿದ 3850 ಎಂಬ ಸಂಗ್ರಹ ವ್ಯವಸ್ಥೆ ಜೇನುಗೂಡಿನಂತಿತ್ತು. ಗೂಡುಗಳಲ್ಲಿ ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಕೊಳವೆಗಳು, ಒಂದೊಂದರಲ್ಲಿ ಐದು ಕೋಟಿ ಅಕ್ಷರ. ಯಂತ್ರದ ಕೈಯೇ ಬೇಕಾದ್ದನ್ನು ತೆಗೆದು ತರುತ್ತಿತ್ತು. ಆ ದಶಕದ ಕೊನೆಗೆ ಅದೇ ಕಂಪನಿಯ ಎಚ್‌ಎಸ್‌ಎಂ ಎಂಬ ತಂತ್ರಾಂಶ ಬಂತು. ಅದರ ಬುದ್ಧಿ ನಮ್ಮ ಹಳೆಯ ಮನೆಗಳ ಬುದ್ಧಿಯೇ. ದಿನಾ ಬೇಕಾದ್ದು ನಡುಮನೆಯಲ್ಲಿ, ಅಪರೂಪದ್ದು ಅಟ್ಟದ ಮೇಲೆ, ವರ್ಷಾವಧಿಯದು ಹಗೇವಿನಲ್ಲಿ. ಇಷ್ಟು ದಿನ ಯಾರೂ ಮುಟ್ಟದ ಫೈಲನ್ನು ಅದು ಮೊದಲು ಹಿಂಡಿ ಚಿಕ್ಕದಾಗಿಸಿ ಬೇರೆ ಡಿಸ್ಕಿಗೆ, ಆಮೇಲೆ ಟೇಪಿಗೆ ಇಳಿಸುತ್ತಿತ್ತು. ಪಟ್ಟಿಯಲ್ಲಿ ಫೈಲಿನ ಹೆಸರು ಹಾಗೇ ಉಳಿದು, ಡಿಸ್ಕಿನ ಸಂಖ್ಯೆ ಇರಬೇಕಾದ ಜಾಗದಲ್ಲಿ ಮೈಗ್ರಾಟ್ ಎಂಬ ಆರಕ್ಷರದ ಇಂಗ್ಲಿಷ್ ಗುರುತು ಕೂರುತ್ತಿತ್ತು. ಯಾರಾದರೂ ಕೇಳಿದರೆ ತಂತ್ರಾಂಶವೇ ಇಳಿದು ಹೋಗಿ ತರುತ್ತಿತ್ತು. ಕೇಳಿದವರು ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೆ. ಈ ಗುರುತಿನ ಬೆಲೆಯನ್ನು ನಾನು ದೊಡ್ಡದೆಂದು ತಿಳಿಯುತ್ತೇನೆ. ಯಂತ್ರ ತಾನು ಮಾಡಿದ್ದನ್ನು ಬಚ್ಚಿಡದೆ, ಇದನ್ನು ಇಲ್ಲಿಂದ ತೆಗೆದಿದ್ದೇನೆ, ಬೇಕಾದರೆ ತರುತ್ತೇನೆ ಎಂದು ಪಟ್ಟಿಯಲ್ಲೇ ಬರೆದಿಡುತ್ತಿತ್ತು. ಮುಟ್ಟದ ಫೈಲೆಂದರೆ ಬೇಡದ ಫೈಲೆಂದೇನೂ ಅಲ್ಲ, ವರ್ಷಕ್ಕೊಮ್ಮೆ ತೆರೆಯುವ ತೆರಿಗೆಯ ಲೆಕ್ಕವನ್ನು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಯಂತ್ರದ ಅಂದಾಜು ಇಲ್ಲಿ ತಪ್ಪಬಹುದಿತ್ತು. ತಪ್ಪಿದರೂ ಆಗುತ್ತಿದ್ದ ನಷ್ಟ ಕಾಯುವ ಕೆಲವು ನಿಮಿಷ ಮಾತ್ರ.

1980ರ ದಶಕದಲ್ಲಿ ಡಿಸ್ಕುಗಳು ಎಷ್ಟು ಬೆಳೆದವೆಂದರೆ ಅವುಗಳನ್ನು ಕೈಯಿಂದ ಹಂಚುವುದು ಆಗದ ಮಾತಾಯಿತು. ದೊಡ್ಡ ಗಣಕಗಳ ಬಳಕೆದಾರ ಸಂಘಗಳು ಐಬಿಎಂಗೆ ಒತ್ತಾಯಿಸಿದವು. 1988ರಲ್ಲಿ ಡಿಎಫ್‌ಎಸ್‌ಎಂಎಸ್ ಎಂಬ ವ್ಯವಸ್ಥೆ ಬಂತು: ಸಂಗ್ರಹವನ್ನು ನೋಡಿಕೊಳ್ಳುವುದು ಇನ್ನು ಮುಂದೆ ಬಳಕೆದಾರನಲ್ಲ, ಯಂತ್ರ. ಈ ಚರಿತ್ರೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವ ಜಾಗ ಇದು. ಆ ವ್ಯವಸ್ಥೆ ಮನುಷ್ಯರಿಗೆ ಮೂರು ಪ್ರಶ್ನೆ ಕೇಳಿತು. ಫೈಲಿನ ಆಕಾರ ಹೇಗಿದೆ? ಅದಕ್ಕೆ ಎಂಥ ಸೇವೆ ಬೇಕು, ಎಷ್ಟು ವೇಗ, ಎಷ್ಟು ಭದ್ರತೆ? ಅದನ್ನು ಎಷ್ಟು ಕಾಲ ಇಡಬೇಕು, ಎಷ್ಟು ಪ್ರತಿ ಮಾಡಬೇಕು, ಯಾವಾಗ ಬಿಸಾಡಬಹುದು? ಮೂರಕ್ಕೂ ಮೂರು ಬೇರೆ ಬೇರೆ ವರ್ಗ. ಯಾವ ಡಿಸ್ಕಿನಲ್ಲಿ ಇಡಬೇಕೆಂಬುದನ್ನು ಅದು ಕೇಳಲೇ ಇಲ್ಲ, ಏಕೆಂದರೆ ಅದು ಯಂತ್ರದ ಕೆಲಸ. ಫೈಲಿನ ಹೆಸರು ನೋಡಿ ಅದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ನಿಯಮವನ್ನು ಸಂಸ್ಥೆಯವರೇ ಬರೆಯಬೇಕಿತ್ತು. ಅಂದರೆ ಹೆಸರುಗಳಿಗೆ ಮೊದಲು ಒಂದು ಕ್ರಮ ಬರಬೇಕು. ಇದು ಸಂಬಳದ್ದು, ಇದು ಪರೀಕ್ಷೆಗೆ ಮಾಡಿಕೊಂಡದ್ದು ಎಂದು ಹೆಸರಿನಿಂದಲೇ ತಿಳಿಯಬೇಕು. ಒಂದೊಂದು ಇಲಾಖೆಯವರ ಜೊತೆ ಕುಳಿತು, ನಿಮ್ಮ ಈ ಫೈಲು ಕಳೆದುಹೋದರೆ ನಿಮಗೇನಾಗುತ್ತದೆ ಎಂದು ಕೇಳಬೇಕು. ಯಂತ್ರ ತರುವ ಮೊದಲು ಮಾಡಬೇಕಾದ ಈ ಕೆಲಸವೇ ಯಂತ್ರಕ್ಕಿಂತ ಕಷ್ಟದ್ದು. ಅದರಿಂದಲೇ ಸ್ಟೋರೇಜ್ ಅಡ್ಮಿನಿಸ್ಟ್ರೇಟರ್ ಎಂಬ ಕಸುಬು ಗಟ್ಟಿಯಾಯಿತು: ಸುರುಳಿ ಹೊರುವುದನ್ನು ಬಿಟ್ಟು ನಿಯಮ ಬರೆಯುವ ಉಗ್ರಾಣಿ. ಚಂದ್ರನ ಟೇಪುಗಳಿಗೆ ಇಲ್ಲದಿದ್ದ ಆ ಒಂದು ಸಾಲನ್ನು ಬರೆಯಲು ಈಗ ಒಂದು ಜಾಗ ಸಿಕ್ಕಿತು.

ಇದೇ ವೇಳೆಗೆ ಟೇಪ್ ಕೋಣೆ ಖಾಲಿಯಾಗತೊಡಗಿತು. 1984ರಲ್ಲಿ ಸುರುಳಿಯ ಬದಲು ಅಂಗೈಯಗಲದ ಚೌಕ ಕಾರ್ಟ್ರಿಜ್ ಬಂತು. 1987ರಲ್ಲಿ ಸ್ಟೋರೇಜ್‌ಟೆಕ್ ಕಂಪನಿ ಅಂಥ ಸುಮಾರು 6,000 ಕಾರ್ಟ್ರಿಜ್‌ಗಳನ್ನು ಒಂದು ದೊಡ್ಡ ಕೊಪ್ಪರಿಗೆಯಂಥ ಗೂಡಿನಲ್ಲಿಟ್ಟು, ನಡುವೆ ರೋಬೋ ತೋಳೊಂದನ್ನು ನಿಲ್ಲಿಸಿತು. ಬಾಗಿಲು ಮುಚ್ಚಿದ ಆ ಗೂಡಿನ ಕತ್ತಲಲ್ಲಿ ತೋಳು ತಿರುಗಿ, ಕಾರ್ಟ್ರಿಜ್‌ನ ಬೆನ್ನ ಮೇಲಿನ ಪಟ್ಟಿಯನ್ನು ಓದಿ, ಕೆಲವೇ ಸೆಕೆಂಡುಗಳಲ್ಲಿ ಅದನ್ನು ಓದುವ ಯಂತ್ರಕ್ಕೆ ತೂರಿಸುತ್ತಿತ್ತು. ಮೂರು ಪಾಳಿಯಲ್ಲಿ ಟೇಪು ಹೊತ್ತು ಓಡಾಡುತ್ತಿದ್ದವರ ಕಾಲಿಗೆ ಬಿಡುವು ಸಿಕ್ಕಿತು, ಎಷ್ಟೋ ಜನರ ಕೆಲಸವೂ ಹೋಯಿತು. ಆದರೆ ಇಲ್ಲೊಂದು ಸಣ್ಣ ಬದಲಾವಣೆ ಸದ್ದಿಲ್ಲದೆ ನಡೆಯಿತು. ಹೊಸ ಕಾರ್ಟ್ರಿಜ್‌ಗೂ ಬರಹವನ್ನು ತಡೆಯುವ ಒಂದು ಪುಟ್ಟ ತಿರುಗುಚಕ್ರವಿತ್ತು, ಉಂಗುರದ ವಾರಸುದಾರ. ಅದನ್ನು ತಿರುಗಿಸಲು ಬೆರಳು ಬೇಕು, ರೋಬೋಗೆ ಬೆರಳಿಲ್ಲ. ಗೂಡಿನೊಳಗೆ ಮನುಷ್ಯರು ಹೋಗುವುದಿಲ್ಲ. ಹಾಗಾಗಿ ಈ ಕಾರ್ಟ್ರಿಜ್ ಮೇಲೆ ಬರೆಯಬಹುದೇ ಬಾರದೇ ಎಂಬ ತೀರ್ಮಾನ ತಂತ್ರಾಂಶದ ಪಟ್ಟಿಯ ಒಂದು ನಮೂದಾಯಿತು. ಕೈಗೆ ಸಿಗುತ್ತಿದ್ದ ತಡೆ, ಆಜ್ಞೆಗಳ ಲೋಕಕ್ಕೆ ಸೇರಿತು. ಅಲ್ಲಿ ಒಂದು ಆಜ್ಞೆ ಹಾಕಿದ ತಡೆಯನ್ನು ಇನ್ನೊಂದು ಆಜ್ಞೆ ತೆಗೆಯಬಲ್ಲದು.

ಡಿಸ್ಕಿನ ಕಡೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. 1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಸ್ ಅವರು ಅಗ್ಗದ ಡಿಸ್ಕುಗಳನ್ನು ಗುಂಪುಗೂಡಿಸಿ, ಒಂದು ಸತ್ತರೂ ಮಾಹಿತಿ ಉಳಿಯುವಂತೆ ಮಾಡುವ ರೇಡ್ ಪದ್ಧತಿಯನ್ನು ವಿವರಿಸಿದರು. 1995ರಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನ ಜಾನ್ ವಿಲ್ಕ್ಸ್ ಮತ್ತು ಸಂಗಡಿಗರು ಆಟೋರೇಡ್ ಎಂಬುದನ್ನು ತೋರಿಸಿದರು. ಬಿರುಸಾಗಿ ಬಳಕೆಯಾಗುವ ಮಾಹಿತಿಯನ್ನು ಅದು ಜೋಡಿ ಪ್ರತಿಯಾಗಿ ಇಡುತ್ತಿತ್ತು, ತಣ್ಣಗಾದದ್ದನ್ನು ಕಡಿಮೆ ಜಾಗ ಹಿಡಿಯುವ ಇನ್ನೊಂದು ರೀತಿಯಲ್ಲಿ ಇಡುತ್ತಿತ್ತು. ಎರಡರ ನಡುವಿನ ಓಡಾಟವನ್ನು ಯಾರನ್ನೂ ಕೇಳದೆ ತಾನೇ ನೋಡಿಕೊಳ್ಳುತ್ತಿತ್ತು. ಯಾರನ್ನೂ ಕೇಳದ ಈ ಯಂತ್ರದಿಂದ ಅನಾಹುತವಾಗದಿದ್ದದ್ದು ಏಕೆ? ಅದು ಮಾಡುತ್ತಿದ್ದ ಪ್ರತಿ ಕೆಲಸವನ್ನೂ ವಾಪಸ್ ಮಾಡಬಹುದಿತ್ತು, ಅದಕ್ಕೆ. ಈ ಮೂಲೆಯಿಂದ ಆ ಮೂಲೆಗೆ ಹೋದ ಮಾಹಿತಿ ನಾಳೆ ಮತ್ತೆ ಈ ಮೂಲೆಗೆ ಬರಬಹುದು. ಎಚ್‌ಎಸ್‌ಎಂ ಗೆದ್ದದ್ದೂ ಇದರಿಂದಲೇ. ಸಾಗಿಸುವುದು ಬೇರೆ ಜಾತಿಯ ಕೆಲಸ, ಅಳಿಸುವುದು ಬೇರೆ ಜಾತಿಯ ಕೆಲಸ. ಕಂಪ್ಯೂಟರಿಗೆ ಎರಡೂ ಒಂದೊಂದು ಆಜ್ಞೆ ಮಾತ್ರ. ವ್ಯತ್ಯಾಸವನ್ನು ನಾವು ಕಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಮನುಷ್ಯನ ನಿಧಾನವೇ ಅಪಾಯವಲ್ಲವೇ? ಡಿಸ್ಕು ಸತ್ತಾಗ ಯಾರೋ ಎದ್ದು ಬಂದು ನೋಡುವವರೆಗೆ ಕಾದರೆ ಉಳಿದ ಪ್ರತಿಯೂ ಸಾಯಬಹುದು. ಯಂತ್ರವೇ ತಕ್ಷಣ ಹೊಸ ಪ್ರತಿ ಮಾಡಿಕೊಳ್ಳುವುದು ಒಳ್ಳೆಯದಲ್ಲವೇ? 2001ರಲ್ಲಿ ಐಬಿಎಂನ ಪಾಲ್ ಹಾರ್ನ್ ತನ್ನನ್ನು ತಾನೇ ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆಗಳ ಕರೆ ಕೊಟ್ಟಾಗ ಅವರ ಹಿಂದೆ ಇದ್ದದ್ದು ಈ ವಾದವೇ. ಮೈಯ ಗಾಯ ನಮ್ಮ ಅಪ್ಪಣೆಗೆ ಕಾಯದೆ ಮಾಯುತ್ತದಲ್ಲ, ಹಾಗೆ. ಇದನ್ನು ನಾನು ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. 2011ರ ಏಪ್ರಿಲ್ 21ರಂದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಅಮೆಜಾನ್ ಕಂಪನಿಯ ಡಿಸ್ಕು ಸೇವೆಯಲ್ಲಿ ಆದದ್ದು ಈ ಷರತ್ತನ್ನು ವಿವರಿಸುತ್ತದೆ. ಜಾಲದ ಒಂದು ಮಾರ್ಪಾಟು ತಪ್ಪಾಗಿ, ಹೆಚ್ಚು ಹೊರೆ ತಡೆಯಲಾರದ ಕಿರುದಾರಿಗೆ ಎಲ್ಲ ದಟ್ಟಣೆಯೂ ನುಗ್ಗಿತು. ಅಸಂಖ್ಯ ಡಿಸ್ಕುಗಳಿಗೆ ತಮ್ಮ ಜೋಡಿ ಪ್ರತಿ ಕಾಣದಾಯಿತು. ಜಾಲ ಸರಿಯಾದ ಕೂಡಲೇ ಅವೆಲ್ಲವೂ ಏಕಕಾಲಕ್ಕೆ, ನನ್ನ ಜೋಡಿ ಸತ್ತಿದೆ, ಹೊಸ ಪ್ರತಿಗೆ ಜಾಗ ಬೇಕು ಎಂದು ಹುಡುಕಲು ಹೊರಟವು. ಖಾಲಿ ಜಾಗ ಕ್ಷಣದಲ್ಲಿ ಮುಗಿಯಿತು, ಹುಡುಕಾಟ ನಿಲ್ಲಲಿಲ್ಲ. ಆ ವಲಯದ ಶೇ. 13ರಷ್ಟು ಡಿಸ್ಕುಗಳು ಸಿಕ್ಕಿಹಾಕಿಕೊಂಡವು, ಸರಿಪಡಿಸಲು ದಿನಗಳೇ ಹಿಡಿದವು, ಕೊನೆಗೂ ಶೇ. 0.07ರಷ್ಟನ್ನು ಸರಿಯಾದ ಸ್ಥಿತಿಗೆ ತರಲಾಗಲಿಲ್ಲ. ಹಾನಿಯ ಬಹುಪಾಲು ಮೊದಲ ತಪ್ಪಿನಿಂದ ಬಂದದ್ದಲ್ಲ, ಚಿಕಿತ್ಸೆಯ ನೂಕುನುಗ್ಗಲಿನಿಂದ ಬಂದದ್ದು. ಊರೆಲ್ಲ ಒಮ್ಮೆಲೇ ಬಾವಿಗೆ ಕೊಡ ಇಳಿಸಿದರೆ ಹಗ್ಗ ಸಿಕ್ಕುಬೀಳುತ್ತದೆಯೇ ಹೊರತು ನೀರು ಬರುವುದಿಲ್ಲ.

ಇದು ಮುಂಚೆ ಯಾರಿಗೂ ಹೊಳೆಯದ ವಿಷಯವಾಗಿರಲಿಲ್ಲ. ಗೂಗಲ್‌ನ ಸಂಜಯ್ ಘೇಮಾವತ್, ಹೊವರ್ಡ್ ಗೊಬಿಯಾಫ್, ಶುನ್‌ಟಾಕ್ ಲೆಯುಂಗ್ 2003ರಲ್ಲಿ ತಮ್ಮ ಕಡತ ವ್ಯವಸ್ಥೆಯನ್ನು ಪ್ರಬಂಧವಾಗಿ ಪ್ರಕಟಿಸಿದಾಗ ಎರಡು ಸಣ್ಣ ಏರ್ಪಾಡುಗಳನ್ನು ಹೇಳಿದ್ದರು. ಕಳೆದುಹೋದ ಪ್ರತಿಗಳನ್ನು ಮತ್ತೆ ಮಾಡುವ ಕೆಲಸ ಒಂದು ಸಲಕ್ಕೆ ಇಷ್ಟೇ ನಡೆಯಬೇಕು ಎಂಬ ಮಿತಿ ಒಂದು. ಇನ್ನೊಂದು ನನಗೆ ಇನ್ನೂ ಪ್ರಿಯವಾದದ್ದು. ಫೈಲನ್ನು ಅಳಿಸು ಎಂದರೆ ಆ ವ್ಯವಸ್ಥೆ ಅಳಿಸುತ್ತಿರಲಿಲ್ಲ. ಹೆಸರು ಬದಲಿಸಿ ಕಣ್ಣಿಗೆ ಕಾಣದಂತೆ ಇಡುತ್ತಿತ್ತು; ಮೂರು ದಿನ ಕಳೆದ ಮೇಲೆ ಗುಡಿಸುವಾಗಲೇ ಅದು ನಿಜವಾಗಿ ಹೋಗುತ್ತಿದ್ದದ್ದು. ಅಷ್ಟರೊಳಗೆ ಅಯ್ಯೋ ಎಂದವರಿಗೆ ಅದು ವಾಪಸ್ ಸಿಗುತ್ತಿತ್ತು. ಪ್ಲಾಸ್ಟಿಕ್ ಉಂಗುರ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಮೂರು ದಿನದ ಗಡುವು ಮಾಡುತ್ತಿತ್ತು. ಯಂತ್ರದ ವೇಗವನ್ನು ಅಳಿಸುವ ಜಾಗದಲ್ಲಿ ಮಾತ್ರ ಬೇಕೆಂದೇ ಕುಗ್ಗಿಸಿದ ಜಾಣ್ಮೆ ಅದು. ಅದೇ ಕಂಪನಿಯಲ್ಲಿ ಈ ಜಾಣ್ಮೆ ಎಲ್ಲೆಡೆ ಇರಲಿಲ್ಲ ಎಂಬುದೂ ದಾಖಲೆಯಲ್ಲಿದೆ. ಅದರ ಇಂಜಿನಿಯರುಗಳೇ 2016ರ ತಮ್ಮ ಪುಸ್ತಕದಲ್ಲಿ ಬಿಚ್ಚು ಮನಸ್ಸಿನಿಂದ ಬರೆದಿದ್ದಾರೆ. ಹಳೆಯ ಸರ್ವರುಗಳ ಡಿಸ್ಕನ್ನು ಪೂರ್ತಿ ಒರೆಸುವ ಸ್ವಯಂಚಾಲಿತ ಕ್ರಮವೊಂದಿತ್ತು. ಒಂದು ಸಲ ಅದು ಒರೆಸುವ ಹಂತ ಮುಗಿಸಿ ಮುಂದೆ ಎಡವಿತು. ತೊಂದರೆ ಹುಡುಕಲು ಮೊದಲಿನಿಂದ ಮತ್ತೆ ಓಡಿಸಿದರು. ಒರೆಸಬೇಕಾದ ಯಂತ್ರಗಳ ಪಟ್ಟಿ ಈಗ ಖಾಲಿ. ಖಾಲಿ ಪಟ್ಟಿ ಎಂದರೆ ಎಲ್ಲವೂ ಎಂದು ಆ ಪ್ರೋಗ್ರಾಮು ಅರ್ಥಮಾಡಿಕೊಳ್ಳುತ್ತಿತ್ತು. ಬಳಕೆದಾರರಿಗೆ ಮಾಹಿತಿ ತಲುಪಿಸುವ ಕಂಪನಿಯ ಒಂದು ಜಾಲದ ಹೆಚ್ಚುಕಡಿಮೆ ಎಲ್ಲ ಯಂತ್ರಗಳನ್ನೂ ಅದು ಒರೆಸಲು ಕಳಿಸಿತು. ಟೇಪ್ ಕೋಣೆಯಲ್ಲಿ ಒಬ್ಬರು ಬರಿಗೈಯಲ್ಲಿ ಬಂದು ಒರೆಸಬೇಕಾದ ಸುರುಳಿ ಯಾವುದೂ ಇಲ್ಲ ಎಂದಿದ್ದರೆ, ಹಾಗಾದರೆ ಎಲ್ಲವನ್ನೂ ಒರೆಸಿ ಎಂದು ಯಾವ ಲೈಬ್ರೇರಿಯನ್ನೂ ಹೇಳುತ್ತಿರಲಿಲ್ಲ. ಅದಾದ ಮೇಲೆ ಅವರು ಮಾಡಿದ ಪರಿಹಾರಗಳಲ್ಲಿ ಒಂದು, ಒಂದು ಸಲಕ್ಕೆ ಇಷ್ಟೇ ಎಂಬ ಮಿತಿ. ಉಂಗುರದ ಏರ್ಪಾಡನ್ನು ಮತ್ತೆ ತಂದರು.

ಎರಡನೆಯ ಆಕ್ಷೇಪ ಇದು: ದೊಡ್ಡ ಅನಾಹುತಗಳಲ್ಲಿ ಎಷ್ಟೋ ಮನುಷ್ಯರ ಕೈಯಿಂದಲೇ ಆದವು, ಹಾಗಿರುವಾಗ ಕೈಯನ್ನು ಇನ್ನಷ್ಟು ದೂರ ಇಡುವುದೇ ಪರಿಹಾರವಲ್ಲವೇ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ರಾತ್ರಿ ಹೊತ್ತು ತೊಂದರೆ ಸರಿಪಡಿಸುತ್ತಿದ್ದ ಇಂಜಿನಿಯರ್ ಒಬ್ಬರು, ಒಂದು ಸರ್ವರ್ ಎಂದುಕೊಂಡು ಇನ್ನೊಂದರ ಮೇಲೆ ಅಳಿಸುವ ಆಜ್ಞೆ ಕೊಟ್ಟರು. ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5. ಕೈ ತಪ್ಪಿದ್ದು ನಿಜ. ಆದರೆ ಆಮೇಲೆ ಕಂಡದ್ದನ್ನು ನೋಡಿ. ಪ್ರತಿದಿನ ತಾನಾಗಿ ಬ್ಯಾಕಪ್ ತೆಗೆಯುವ ಕ್ರಮವಿತ್ತು. ಡೇಟಾಬೇಸಿನ ಆವೃತ್ತಿಗೂ ಬ್ಯಾಕಪ್ ಪ್ರೋಗ್ರಾಮಿನ ಆವೃತ್ತಿಗೂ ಹೊಂದಾಣಿಕೆ ಇಲ್ಲದೆ ಅದು ಸೋಲುತ್ತಿತ್ತು. ಸೋತಾಗ ಅದು ಇಮೇಲ್ ಕಳಿಸುತ್ತಿತ್ತು. ಆ ಇಮೇಲುಗಳಿಗೆ ಬೇಕಾದ ಸಹಿ ಇಲ್ಲವೆಂದು ಅಂಚೆ ವ್ಯವಸ್ಥೆ ಅವನ್ನು ತಿರಸ್ಕರಿಸುತ್ತಿತ್ತು. ಒಂದು ಯಂತ್ರ ದೂರು ಹೇಳುತ್ತಿತ್ತು, ಇನ್ನೊಂದು ಯಂತ್ರ ಅದರ ಬಾಯಿ ಮುಚ್ಚುತ್ತಿತ್ತು, ಮನುಷ್ಯರಿಗೆ ಎಲ್ಲವೂ ಶಾಂತವಾಗಿ ಕಾಣುತ್ತಿತ್ತು. ಕೊನೆಗೆ ಕಾಪಾಡಿದ್ದು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಪ್ರತಿ. ಆ ಆರು ಗಂಟೆಯ ಕೆಲಸ ಹೋಯಿತು. 1983ರಲ್ಲೇ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ ಸ್ವಯಂಚಾಲನೆಯ ವಿರೋಧಾಭಾಸಗಳನ್ನು ಕುರಿತ ಪ್ರಬಂಧದಲ್ಲಿ ಇದರ ಬೇರನ್ನು ತೋರಿಸಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟ ಮೇಲೆ ಮನುಷ್ಯನಿಗೆ ಉಳಿಯುವುದು ಕಠಿಣವಾದದ್ದು ಮಾತ್ರ, ಅದನ್ನು ನಿಭಾಯಿಸಲು ಬೇಕಾದ ರೂಢಿ ಅಷ್ಟರಲ್ಲಿ ಕೈಯಿಂದ ಜಾರಿರುತ್ತದೆ. ಟೇಪ್ ಕೋಣೆಯಲ್ಲಿ ಮಗ ಕೆಟ್ಟಾಗ ಅಪ್ಪನನ್ನು ತರುವುದು ಆಗಾಗ ಮಾಡಿ ಕೈಗೆ ಕೂತ ಕೆಲಸ. ಈಗ ಅದು ವರ್ಷಗಟ್ಟಲೆ ಬರದೆ, ಬಂದಾಗ ನಡುರಾತ್ರಿಯಲ್ಲಿ, ಎಂದೂ ಮಾಡಿ ನೋಡದವರ ಮೇಲೆ ಬೀಳುತ್ತದೆ. ಕೈಯನ್ನು ದೂರ ಇಟ್ಟಷ್ಟೂ ಅದು ಹೆಚ್ಚು ಅಜ್ಞಾನಿಯಾಗುತ್ತದೆ.

ಅಷ್ಟಾದರೂ ಹಿಂದಕ್ಕೆ ಹೋಗಲಾಗದು, ಹೋಗಬೇಕಾಗಿಯೂ ಇಲ್ಲ. ಇವತ್ತಿನ ಗಾತ್ರವನ್ನು ಕೈಯಿಂದ ಹಂಚಲು, ಕೈಯಿಂದ ಹೊರಲು ಹೊರಡುವವರು ಯಾರು? ಬೆಂಗಳೂರಿಗೂ ಈ ಕಸುಬಿಗೂ ನೇರ ನಂಟಿದೆ. ಜಗತ್ತಿನ ದೊಡ್ಡ ಸ್ಟೋರೇಜ್ ಕಂಪನಿಗಳ ತಂತ್ರಾಂಶವನ್ನು ಇಲ್ಲಿ ಬರೆಯಲಾಗುತ್ತದೆ. ಅಮೆರಿಕ, ಯುರೋಪುಗಳ ಬ್ಯಾಂಕು, ಅಂಗಡಿ, ಆಸ್ಪತ್ರೆಗಳ ಡಿಸ್ಕುಗಳನ್ನು ಇಲ್ಲಿನ ಹುಡುಗ ಹುಡುಗಿಯರು ರಾತ್ರಿ ಪಾಳಿಯಲ್ಲಿ ದೂರದಿಂದ ಕಾಯುತ್ತಾರೆ. ಪರದೆಯ ಮೇಲೆ ಎಚ್ಚರಿಕೆಗಳು ಬರುತ್ತವೆ, ಟಿಕೆಟ್ಟೆಂಬ ದೂರಿನ ಚೀಟಿಗಳು ಬರುತ್ತವೆ, ಹೆಚ್ಚಿನವು ತಾವಾಗಿ ಮುಚ್ಚಿಕೊಳ್ಳುತ್ತವೆ. ಆ ಕೆಲಸದ ಅಳತೆಗೋಲು ಸಾಮಾನ್ಯವಾಗಿ ಎಷ್ಟು ಟಿಕೆಟ್ಟು ಎಷ್ಟು ಬೇಗ ಮುಚ್ಚಿತು ಎಂಬುದು. ಅಳೆಯಬೇಕಾದ್ದು ಬೇರೆ ಇದೆ ಎಂದು ನನ್ನ ಅಭಿಪ್ರಾಯ: ಅಳಿಸುವ ಆಜ್ಞೆಗಳಿಗೆ ತಡೆ ಎಲ್ಲಿದೆ, ನಿಯಮವನ್ನು ಯಾರು ಬರೆದದ್ದು, ಅದನ್ನು ಕೊನೆಯ ಸಲ ಓದಿದ್ದು ಯಾವಾಗ, ಬ್ಯಾಕಪ್ಪಿನಿಂದ ನಿಜವಾಗಿ ಏನನ್ನಾದರೂ ವಾಪಸ್ ತಂದು ಎಷ್ಟು ದಿನವಾಯಿತು. ಇದಕ್ಕೆ ಖರ್ಚು ಹೆಚ್ಚು ಎನ್ನುವವರಿದ್ದಾರೆ. ಹಲವು ಪ್ರತಿಗಳನ್ನು ಹಲವು ಊರುಗಳಲ್ಲಿ ಯಂತ್ರವೇ ಇಟ್ಟಿರುವಾಗ ಹಳೆಯ ಕಾಲದ ಬ್ಯಾಕಪ್ ಏಕೆ ಎನ್ನುವವರೂ ಇದ್ದಾರೆ. ಅವರಿಗೆ ಉತ್ತರ 2011ರ ಫೆಬ್ರವರಿ 27ರ ಘಟನೆಯಲ್ಲಿದೆ. ಅಂದು ಜಿಮೇಲ್ ಬಳಸುವ ಶೇ. 0.02ರಷ್ಟು ಜನ ತಮ್ಮ ಅಂಚೆಪೆಟ್ಟಿಗೆ ತೆರೆದರೆ ಅದು ಖಾಲಿ. ಸಂಗ್ರಹ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ದೋಷವಿತ್ತು; ಬೇರೆ ಬೇರೆ ಕೇಂದ್ರಗಳಲ್ಲಿದ್ದ ಪ್ರತಿಗಳನ್ನೂ ಅದು ಬಿಡಲಿಲ್ಲ, ಏಕೆಂದರೆ ಎಲ್ಲ ಪ್ರತಿಗಳೂ ಒಂದೇ ಆಜ್ಞೆಯನ್ನು ಕೇಳುತ್ತಿದ್ದವು. ಆ ಆಜ್ಞೆ ಮುಟ್ಟಲಾಗದ ಜಾಗದಲ್ಲಿ ಒಂದು ಪ್ರತಿ ಇತ್ತು. ಜಾಲಕ್ಕೆ ಕೂಡಿಸದ ಟೇಪುಗಳಲ್ಲಿ. ಜಗತ್ತಿನ ಅತಿ ಸ್ವಯಂಚಾಲಿತ ಸಂಗ್ರಹಗಳಲ್ಲಿ ಒಂದನ್ನು ಕಟ್ಟಿದ ಕಂಪನಿ ತನ್ನ ಬಳಕೆದಾರರ ಪತ್ರಗಳನ್ನು ಟೇಪಿನಿಂದ ಓದಿ, ಗಂಟೆಗಟ್ಟಲೆ, ದಿನಗಟ್ಟಲೆ ಕುಳಿತು ವಾಪಸ್ ತಂದುಕೊಟ್ಟಿತು.

ನಿಮ್ಮ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ಬ್ಯಾಕಪ್ ತಾನಾಗಿ ಆಗುತ್ತಿದೆ ಎಂದು ಯಾರಾದರೂ ಹೇಳಿದರೆ ಅವರನ್ನು ಒಂದು ಕಡತ ವಾಪಸ್ ತೆಗೆದು ತೋರಿಸಿ ಎಂದು ಕೇಳಿ. ಈ ವಾರವೇ ಕೇಳಿ.